ಮೊಣಕಾಲ ಮ್ಯಾಲ ಹಾಕಿದ ತಪ್ಪು

ನಮ್ಮ ಮನಿಯವರಿಗೆ ಎಡಗಾಲಿನ ಮೊಣಕಾಲು ನೋವು ಶುರು ಆಗಿ ವರ್ಷದ ಮ್ಯಾಲಾತು. ಮೊದಲ ಎಣ್ಣಿ ಹಚ್ಚಿದ್ವಿ, ಆಮ್ಯಾಲೆ ಬಿಸಿ ಉಪ್ಪಿನ ಗಂಟು ಇಟ್ವಿ, ಆಮ್ಯಾಲೆ ಡಾಕ್ಟರ ಕಡೆ ಹೋಗಿ ಗುಳಿಗಿ ತಂದ್ವಿ. "ಅರವತ್ತಮೂರು ಆತಲ್ರಿ, ಇನ್ನೇನು ಹುಡುಗರಾ ನೀವು?" ಅಂತ ನಾನು ದಿನಾ ಅಂತಿದ್ದೆ. ಪಾಪ, ಅವರೂ ಅದನ್ನ ನಂಬಿಬಿಟ್ರು. ಸಂಜೀ ಮುಂದ ಕಾರ್ ತಗೊಂಡು ಕೆಲಗೇರಿ ಕೆರಿ ತನಕ ಹೋಗಿ ಬರೂದು ನಿಂತು. ಟಿವಿ ಮುಂದ ಕೂಡೂದು ಹೆಚ್ಚಾತು. ಕಡೀಕೆ ಒಂದಿನ ತಾವ "ಕಾರ್ ಮಾರಿಬಿಡೂಣು, ನನ್ನ ಕಾಲಿಗೆ ಇನ್ನ ಆಗೂದಿಲ್ಲ" ಅಂದ್ರು. ನಾನು ಖುಷಿಯಿಂದ ಹೂಂ ಅಂದೆ. ಆ ಖುಷಿ ನೆನಸಿಕೊಂಡ್ರ ಈಗ ನಾಚಿಕಿ ಬರ್ತದ.

ಕಾರ್ ಅಂದ್ರ 1985ರ ಮಾರುತಿ 800. ಈ ಗಾಡಿ ಮೊದಲ ಸಲ ಹೊರಗ ಬಂದದ್ದು 1983ರ ಡಿಸೆಂಬರದಾಗ. ಆಗ ದುಡ್ಡು ಕಟ್ಟಿ ಹೆಸರು ಬರಸಿ ಕಾಯಬೇಕಾಗಿತ್ತು. ನಮ್ಮ ಮಾವನವರು ಹಂಗ ಕಾದು ತಂದದ್ದು. 1986ರಾಗ ಕಂಪನಿಯವರು ಆಕಾರ ಬದಲ ಮಾಡಿದ್ರು, ನಮ್ಮದು ಅದಕಿಂತ ಹಿಂದಿನ ಚೌಕ್ ಮಾರಿದು. ಮೂರ ಸಿಲಿಂಡರ್, 796 ಸಿಸಿ. ಐದು ವರ್ಷಕ್ಕೊಮ್ಮೆ ಆರ್‌ಟಿಓ ಕಡೆ ಒಯ್ದು ನೋಂದಣಿ ಹೊಸಾದು ಮಾಡಸಬೇಕು. 600 ಇದ್ದ ಫೀ 2022ರಾಗ ಒಮ್ಮೆಲೆ 5,000 ಆದಾಗಿಂದ ನನಗ ಈ ಕಾರಿನ ಮ್ಯಾಲ ಸಿಟ್ಟು ಇತ್ತು. ಅಷ್ಟರಾಗ ಒಂದು ತೊಲಿ ಬೆಳ್ಳಿನಾದ್ರೂ ಬರ್ತಿತ್ತು ಅಂತ ನನ್ನ ಲೆಕ್ಕ.

ಹುಬ್ಬಳ್ಳ್ಯಾಗ ನನ್ನ ತಂಗಿ ಮೊಮ್ಮಗನ ತೊಟ್ಲಾಗ ಹಾಕೂದು ಇತ್ತು. ಮಾರೂಕಿಂತ ಮುಂಚೆ ಕಡೀ ಸಲ ಅಂತ ಕಾರ್ ತಗದ್ರು. ನವಲೂರ ದಾಟಿರಲಿಲ್ಲ, ಗೇರ್ ಬದಲ ಮಾಡೂಮುಂದ ಕಾಲ ಕೆಳಗ 'ಖಟ್' ಅಂತು. ಕ್ಲಚ್ ಪೆಡಲ್ ಒಂದ ಕಡೆ ವಾಲಿ ಜೋತು ಬಿತ್ತು. ಗಾಡಿ ಎರಡು ಸಲ ಅಳ್ಳಾಡಿ ಬಂದಾತು. ಮನಿಯವರು ಪೆಡಲ್ ನೋಡಲಿಲ್ಲ, ತಮ್ಮ ಮೊಣಕಾಲ ಹಿಡಕೊಂಡು ಕೂತ್ರು.

ಫೋನ್ ಮಾಡಿದ ಮ್ಯಾಲ ನಮ್ಮ ಮಿಸ್ತ್ರಿ ಗಾಡಿ ಹತ್ತಿ ಬಂದ. ಕ್ಲಚ್ ಇಲ್ಲದ ಕಾರ್ ಹೆಂಗ ಒಯ್ತಾನಪ್ಪಾ ಅಂದ್ರ, ಒಂದನೇ ಗೇರ್ ಹಾಕಿನ ಚಾವಿ ತಿರುವಿದ. ಕಾರ್ ಕಪ್ಪಿಯಂಗ ಜಿಗಕೋತ ಹೊಂಟು ಚಾಲೂ ಆತು. ಅದ ಗೇರಿನಾಗ ನಿಧಾನಕ ಗ್ಯಾರೇಜ್ ತನಕ ಹೋದ. ನಾವು ಹಿಂದ ಆಟೋದಾಗ. ತೊಟ್ಲಿಗೆ ಹೋಗಲಿಲ್ಲ, ತಂಗಿ ಇನ್ನೂ ಮಾತಾಡವಲ್ಲಳು.

ಮಿಸ್ತ್ರಿ ಸೀಟಿನ ಮ್ಯಾಲ ಕಾಲು, ಪೆಡಲ್ ಕಡೆ ತಲಿ ಮಾಡಿ ಮಲಕೊಂಡು ಬೋಲ್ಟ್ ಬಿಚ್ಚಿ ಪೆಡಲ್ ಹೊರಗ ತಗದ. ಮ್ಯಾಲಿನ ಕೊಳವಿಗೆ ಪೆಡಲಿನ ಪಟ್ಟಿ ಬೆಸದ ಜಾಗಾದಾಗ ಮುರದಿತ್ತು. "ಅಕ್ಕಾರ, ಇಲ್ಲೆ ನೋಡ್ರಿ" ಅಂತ ನನ್ನ ಕೈಯಾಗ ಕೊಟ್ಟ. ಮುರದ ಜಾಗಾ ಅರ್ಧ ಕರ್ರಗ ತುಕ್ಕು ಹಿಡದಿತ್ತು, ಅರ್ಧ ಹೊಸಾ ಪಾತ್ರೆಯಂಗ ಮಿಂಚತಿತ್ತು. ಕರ್ರಗಿದ್ದದ್ದು ಎಂದೋ ಸೀಳಿದ್ದು, ಮಿಂಚೂದು ಇವತ್ತು ಮುರದದ್ದು. ನಮ್ಮ ಒಗ್ಗರಣಿ ಸೌಟಿನ ಹಿಡಿಕಿನೂ ಹಿಂಗ ಮುರದಿತ್ತು, ಅದಕ್ಕ ನನಗ ಲಗೂನ ತಿಳೀತು.

"ಆದ್ರ ಪೆಡಲಿಂದು ತಪ್ಪಲ್ರಿ" ಅಂದವನ ಕ್ಲಚ್ಚಿನ ಕೇಬಲ್ ಬಿಚ್ಚಿ ಮನಿಯವರ ಕೈಯಾಗ ಇಟ್ಟ. "ಒಳಗಿನ ತಂತಿ ಜಗ್ಗ್ರಿ." ಜಗ್ಗಿದ್ರು, ಬರಲಿಲ್ಲ. ನಾನೂ ಜಗ್ಗಿದೆ, ಬರಲಿಲ್ಲ. ಒಳಗ ಒಣಗಿ, ಎಳಿ ಹರದು ಸಿಕ್ಕೊಂಡಿತ್ತು. ಹೊಸಾದು ಕೊಟ್ಟ, ಎರಡ ಬೆರಳಿಲೆ ಸುರ್ ಅಂತ ಸರೀತು. "ಸಾಹೇಬ್ರ, ಒಂದು ವರ್ಷ ಇದನ್ನ ಕಾಲಿಲೆ ಒತ್ತೀರೇನ್ರಿ? ಮೊಣಕಾಲು ಉಳದದ್ದ ದೊಡ್ಡದು."

ಮನಿಯವರು ನನ್ನ ಮಾರಿ ನೋಡಿದ್ರು. ನಾನು ಅಲ್ಲಿದ್ದ ಟೈರ್ ನೋಡಿದೆ.

ಬೆಸೂಕಿಂತ ಮೊದಲ ಒಳಗಿನ ಪ್ಲಾಸ್ಟಿಕ್ ಬುಷ್ ತಗದ, ಇಲ್ಲಂದ್ರ ಬಿಸಿಗೆ ಕರಗ್ತದಂತ. ತುಕ್ಕೆಲ್ಲಾ ಉಜ್ಜಿ, ಸೀಳಿನ ಗುಂಟ ಗಟಾರದಂಗ ಕೊರದು ಅದರಾಗ ವೆಲ್ಡಿಂಗ್ ತುಂಬಿದ, ಮಗ್ಗಲಕ ಒಂದು ಸಣ್ಣ ಪಟ್ಟಿನೂ ಬೆಸದ. ಬರೇ ಮ್ಯಾಲ ಬೆಸದ್ರ ಮತ್ತ ಅಲ್ಲೇ ಸೀಳ್ತದಂತ. ಹೊಸಾ ಬುಷ್, ಗ್ರೀಸ್, ಹೊಸಾ ಕೇಬಲ್. ಕಡೀಕೆ ಗೇರ್ ಬಾಕ್ಸ್ ಕಡೆ ಇರೂ ನಟ್ ತಿರುವಿ, ಪೆಡಲ್ ಮೊದಲ ಒಂದು ಬೆರಳಿನಷ್ಟು ಹಗೂರಕ ಹೋಗೂಹಂಗ ಸಡಲ ಬಿಟ್ಟ. ಪೂರಾ ಬಿಗಿ ಮಾಡಿದ್ರ ಒಳಗಿನ ಪ್ಲೇಟ್ ಜಾರಿ ಸವೀತದ ಅಂದ. ಎಲ್ಲಾ ಸೇರಿ 1,450 ರೂಪಾಯಿ. ಗುಳಿಗಿಗೆ ಅದಕಿಂತ ಜಾಸ್ತಿ ಕೊಟ್ಟಿದ್ವಿ.

ನಾನೂ ಬಗ್ಗಿ ಕೈಯಿಂದ ಪೆಡಲ್ ಒತ್ತಿ ನೋಡಿದೆ, ಒಳಗ ಹೋತು. ವರ್ಷದ ಹಿಂದ ಒಂದ ಸಲ ಹಿಂಗ ಒತ್ತಿ ನೋಡಿದ್ರ ನನ್ನ ಗಂಟೇನು ಹೋಗತಿತ್ತು? ಅವರ ವಯಸ್ಸು ಎಣಿಸೂದು ಸುಲಭ ಇತ್ತು, ಎಣಿಸಿದೆ.

ನೋವು ಪೂರ್ತಿ ಹೋಗಿಲ್ಲ ಮತ್ತ. ಮಾಳಗಿ ಹತ್ತೂಮುಂದ ಇನ್ನೂ "ಅವ್ವಾ" ಅಂತಾರ. ಆದ್ರ ಕೆರಿ ತನಕ ಹೋಗೂದು ಶುರು ಆಗೇದ, ನನ್ನನ್ನೂ ಕರಕೊಂಡು. ಕಾರ್ ತಗೋತೀನಿ ಅಂದಾವ ಮತ್ತ ಫೋನ್ ಮಾಡಿದ್ದ, ಈ ಸಲ ನಾನ "ಇಲ್ಲಪಾ" ಅಂದೆ. ಹಳೇ ಕೇಬಲ್ ಮಾತ್ರ ಪಡಸಾಲ್ಯಾಗ ಟಿವಿ ಮಗ್ಗಲಕ ಅದ. ಚಾ ಕುಡ್ಯಾಕ ಬಂದವರಿಗೆಲ್ಲಾ "ಜಗ್ಗಿ ನೋಡ್ರಿ" ಅಂತಾರ. ಹೋದ ವಾರ ಡಾಕ್ಟರ ಕಡೇನೂ ಚೀಲದಾಗ ಹಾಕ್ಕೊಂಡು ಹೋಗಿದ್ರು.