ಯಂತ್ರಗಳ ಸಾಲಾವಳಿ

ಜಾತಕಗಳ ವಿಷಯದಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ನಮ್ಮ ಮದುವೆಯನ್ನು ಹಿರಿಯರು ಸಾಲಾವಳಿ ನೋಡದೆಯೇ ಮಾಡಿದರು. ಸಂಸಾರ ಸುಖವಾಗಿಯೇ ಸಾಗಿದೆ. ಆದರೆ ಯಂತ್ರಗಳಿಗೆ ಸಾಲಾವಳಿ ನೋಡಲೇಬೇಕೆಂದು ತಿಳಿಯುವ ವೇಳೆಗೆ ನನ್ನ ಕೈಯಿಂದ ಒಂದು ಅಪಚಾರ ನಡೆದುಹೋಗಿದ್ದಿತು.

ನಮ್ಮ ಅಣ್ಣನು ಇಂಗ್ಲೆಂಡಿನಲ್ಲಿ ಓದು ಮುಗಿಸಿ 1964ರಲ್ಲಿ ಮೈಸೂರಿಗೆ ಹಿಂದಿರುಗಿದಾಗ ಎರಡು ದೊಡ್ಡ ಪೆಟ್ಟಿಗೆಗಳನ್ನು ಹಡಗಿನಲ್ಲಿ ತಂದನು. ನಮ್ಮ ತಾಯಿ ಸೀರೆಗಳೆಂದುಕೊಂಡರು, ಪಾಪ! ಒಳಗಿದ್ದುದು ಕ್ವಾಡ್ ಲೌಡ್‌ಸ್ಪೀಕರುಗಳ ಒಂದು ಜೊತೆ. ಹಂಟಿಂಗ್ಡನ್ ಊರಿನ ಪೀಟರ್ ವಾಕರ್ ಎಂಬಾತನು ರೂಪಿಸಿ, 1957ರಲ್ಲಿ ಮಾರಾಟಕ್ಕೆ ಬಂದ ಈ ಸ್ಪೀಕರಿನಲ್ಲಿ ಕಾಗದದ ಶಂಕುವೂ ಇಲ್ಲ, ಅಯಸ್ಕಾಂತವೂ ಇಲ್ಲ. ರಂಧ್ರಗಳುಳ್ಳ ಫಲಕಗಳ ನಡುವೆ ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತನ್ನು ಪಡೆದು, ಮಂದ್ರಸ್ವರದ ಹಾಳೆಗೆ ಸುಮಾರು 6,000 ವೋಲ್ಟ್, ತಾರಸ್ವರದ ಹಾಳೆಗೆ ಸುಮಾರು 1,500 ವೋಲ್ಟ್ ಊಡುತ್ತಾರೆ. ಆಂಪ್ಲಿಫೈಯರಿನಿಂದ ಬಂದ ಸಂಗೀತದ ವಿದ್ಯುತ್ತು ಫಲಕಗಳಲ್ಲಿ ಏರಿಳಿದಂತೆಲ್ಲ ಹಾಳೆಯು ಅತ್ತಿತ್ತ ತೊನೆಯುತ್ತದೆ. ವೀಣೆಯ ತಂತಿಯ ಮೇಲೆ ಬೆರಳು ಜಾರುವ ಸದ್ದು ಅದರಲ್ಲಿ ಕೇಳಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನಾನು ಕೇಳಿಲ್ಲ.

ಅಣ್ಣನು ಅವಕ್ಕೆ ಅದೇ ಕಂಪೆನಿಯ 15 ವಾಟಿನ ವಾಲ್ವ್ ಆಂಪ್ಲಿಫೈಯರುಗಳನ್ನು ಜೋಡಿಸಿದ್ದನು. ಅವುಗಳ ಗುಂಡಿಯನ್ನು ತಿರುಗಿಸಲು ಇನ್ನೊಬ್ಬರಿಗೆ ಅಪ್ಪಣೆಯಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡನು. ಕಳೆದ ವರ್ಷ ಅತ್ತಿಗೆ ಎಲ್ಲವನ್ನೂ ನಮ್ಮ ಮನೆಗೆ ಕಳುಹಿಸಿ, "ಅವರು ಹೋದ ಮೇಲೆ ಇವು ಬಾಯಿ ಬಿಟ್ಟಿಲ್ಲ. ನಿಮ್ಮಲ್ಲಾದರೂ ಹಾಡಲಿ, ಒಂದು ದಿನ ಬಂದು ಕೇಳುತ್ತೇನೆ," ಎಂದರು.

ಹಳೆಯ ಆಂಪ್ಲಿಫೈಯರುಗಳು ಗುಂಯ್‌ಗುಡುತ್ತಿದ್ದುವು. ಅವನ್ನು ಅಟ್ಟಕ್ಕೇರಿಸಿ 100 ವಾಟಿನ ಹೊಸದೊಂದನ್ನು ತಂದೆ. ಹದಿನೈದಕ್ಕಿಂತ ನೂರು ದೊಡ್ಡದಲ್ಲವೆ? ಅತ್ತಿಗೆ ಬರುವುದಕ್ಕೆ ಎರಡು ದಿನ ಮುಂಚೆ, ಪರೀಕ್ಷೆಗೆಂದು ಮೃದಂಗದ ತನಿ ಆವರ್ತನವನ್ನು ಹಚ್ಚಿ ಗುಂಡಿಯನ್ನು ತಿರುಗಿಸಿದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದಾಯಿತು. ಸುಟ್ಟ ವಾಸನೆ ಬಂದಿತು. ಎಡಗಡೆಯ ಸ್ಪೀಕರಿನಲ್ಲಿ ತಾರಸ್ವರವು ಅಡಗಿಹೋಯಿತು. ಅತ್ತಿಗೆಗೆ ನೆಗಡಿಯ ನೆಪ ಹೇಳಿ ಬರುವುದನ್ನು ತಪ್ಪಿಸಿದೆ.

ಬೆಂಗಳೂರಿನ ವೃದ್ಧ ರಿಪೇರಿಗಾರರೊಬ್ಬರು ಬಿಚ್ಚಿ ನೋಡಿ, "ವಾಟ್ ನೋಡಿ ಕೊಂಡಿರಾ, ಸ್ವಾಮಿ? ಇದಕ್ಕೆ ವೋಲ್ಟ್ ನೋಡಬೇಕು," ಎಂದರು. ಈ ಸ್ಪೀಕರು ಅಲೆಯ ತುದಿಯಲ್ಲಿ 33 ವೋಲ್ಟನ್ನು ಮಾತ್ರ ತಾಳುತ್ತದೆ. 8 ಓಮಿಗೆ 100 ವಾಟ್ ಕೊಡುವ ಯಂತ್ರವು 40 ವೋಲ್ಟಿನವರೆಗೂ ಏರಬಲ್ಲುದು. ಮಿತಿ ಮೀರಿದೊಡನೆ ಹಾಳೆಗೂ ಫಲಕಕ್ಕೂ ನಡುವೆ ಕಿಡಿ ಹಾರಿ ಹಾಳೆ ತೂತಾಗುತ್ತದೆ. ವಾಕರನ 15 ವಾಟ್ 16 ಓಮಿನಲ್ಲಿ ಏರುವುದು ಸುಮಾರು 22 ವೋಲ್ಟಿಗೆ. ಮನೆಗೆ ಬಂದು ನಾನೇ ಲೆಕ್ಕ ಹಾಕಿ ನೋಡಿದೆ, ನಾಚಿಕೆಯಾಯಿತು.

ಇನ್ನೊಂದು ತೊಡಕೂ ಉಂಟು. ಈ ಸ್ಪೀಕರು ಆಂಪ್ಲಿಫೈಯರಿನ ಕಣ್ಣಿಗೆ ಒಂದು ಕೆಪಾಸಿಟರಿನಂತೆ ಕಾಣುತ್ತದೆ. ಹೆಸರಿಗೆ 16 ಓಮ್. ಸ್ವರವು ತಾರಕ್ಕೇರಿದಂತೆ ಪ್ರತಿರೋಧ ಇಳಿಯುತ್ತ ಕೊನೆಗೆ 2 ಓಮಿಗೂ ಕೆಳಕ್ಕೆ ಬರುತ್ತದೆ. ಇಂಥ ಹೊರೆಯನ್ನು ಕಂಡು ಕೆಲವು ಆಂಪ್ಲಿಫೈಯರುಗಳು ಕಾಯುತ್ತವೆ, ಕೆಲವು ತಾವೇ ಅರಚತೊಡಗುತ್ತವೆ. ವಾಲ್ವೇ ಬೇಕೆಂದಿಲ್ಲ, ಇದನ್ನು ಸಮಾಧಾನದಿಂದ ಹೊತ್ತು, ವೋಲ್ಟಿನ ಮಿತಿಯೊಳಗಿರುವ ಟ್ರಾನ್ಸಿಸ್ಟರಿನ ಯಂತ್ರವೂ ಆದೀತು. ಆದರೆ ಒಗ್ಗಿದ ಜೊತೆ ನಮ್ಮ ಅಟ್ಟದಲ್ಲಿಯೇ ಇದ್ದಿತಲ್ಲ!

ಹೊಸ ಹಾಳೆ ಕೂಡಿಸುವುದಕ್ಕೂ ಹಳೆಯ ಆಂಪ್ಲಿಫೈಯರುಗಳ ಕೆಪಾಸಿಟರುಗಳನ್ನು ಬದಲಾಯಿಸುವುದಕ್ಕೂ ಎರಡು ತಿಂಗಳು ಹಿಡಿಯಿತು. ಖರ್ಚೆಷ್ಟೆಂದು ನನ್ನಾಕೆಗೆ ಗೊತ್ತು. ಸುಟ್ಟ ಸಂಗತಿ ಅತ್ತಿಗೆಗೆ ಇನ್ನೂ ಗೊತ್ತಿಲ್ಲ.

ಯುಗಾದಿಯ ಮರುದಿನ ಅವರು ಬಂದರು. ವಾಲ್ವುಗಳು ಕೆಂಪಗೆ ಬೆಳಗಿದುವು. ವೀಣೆಯ ರೆಕಾರ್ಡೊಂದನ್ನು ಹಾಕಿದೆ. ಅತ್ತಿಗೆ ಸೆರಗನ್ನು ಮಡಿಲಿನಲ್ಲಿ ಹಿಡಿದುಕೊಂಡು ಆಲಾಪನೆ ಮುಗಿಯುವವರೆಗೂ ಅಲುಗದೆ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಅವರು ಇಷ್ಟು ಜೋರಾಗಿ ಹಾಕುತ್ತಿರಲಿಲ್ಲ," ಎಂದರು.

ನಾನು ಎದ್ದು ಹೋಗಿ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ.