ರಾಶಿ ಧೂಳಿ, ಕಣ್ಣಿನ ತುರಿಕೆ ಮತ್ತು ಆ ಸಣ್ಣ ಬಾಟ್ಲಿ



ಗೋವಿನಜೋಳದ ರಾಶಿ ಶುರುವಾತಂದ್ರ ನಮ್ಮ ತಿಳವಳ್ಳಿ ಸುತ್ತಮುತ್ತ ಕಣ್ಣಿನ ತುರಿಕೆನೂ ಶುರು. ಮಷಿನ್ ಮುಂದ ನಿಂತವರಿಗೆ ಹೊಟ್ಟಿನ ಧೂಳಿ, ಬದುವಿನ ಕಡೆ ಹೋದ್ರ ಕಾಂಗ್ರೆಸ್ ಕಸದ ಹೂವಿನ ಪುಡಿ. ಕಣ್ಣು ಕೆಂಪಾಗಿ ನೀರು ಸುರೀತಾವ, ತಿಕ್ಕಿದಷ್ಟೂ ತುರಿಕೆ ಹೆಚ್ಚು. ಆಗ ಮಂದಿ ಹೋದ ವರ್ಷದ ಬಾಟ್ಲಿ ಹುಡುಕ್ತಾರ, ಇಲ್ಲಾ ಮೆಡಿಕಲ್ ಅಂಗಡಿಗೆ ಹೋಗಿ "ಕಣ್ಣಿಗೆ ಒಂದು ಡ್ರಾಪ್ಸ್ ಕೊಡ್ರಿ" ಅಂತಾರ.

ನಮ್ಮ ದೊಡ್ಡಪ್ಪನ ಮಗ ಮೂರು ವರ್ಷ ಹಿಂಗ ಮಾಡಿದ. ಮೊದಲನೇ ಸಲ ಡಾಕ್ಟ್ರು ಬರೆದುಕೊಟ್ಟದ್ದು ಹತ್ತು ದಿನಕ್ಕ ಮಾತ್ರ. ಎರಡೇ ದಿನದಾಗ ಆರಾಮಾತು. ಅದೇ ನೆನಪಿಟ್ಟುಕೊಂಡು ಖಾಲಿ ಬಾಟ್ಲಿ ತೋರಿಸಿ ಮತ್ತ ಮತ್ತ ತಂದು ತಿಂಗಳಗಟ್ಟಲೆ ಹಾಕಿದ. ಆಮೇಲೆ ಬೈಕ್ ಹೊಡಿಯೋವಾಗ ಬಾಜೂಕ ಬರೋ ಗಾಡಿ ಕಾಣವಲ್ದಾತು. ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21ರ ಒಳಗ ಇರಬೇಕಂತ, ಅವಂದು ಅದರಕಿಂತ ಭಾಳ ಮ್ಯಾಲಿತ್ತು. ಗ್ಲಾಕೋಮಾ ಅಂದ್ರು. ಹೋದ ದೃಷ್ಟಿ ತಿರುಗಿ ಬರೂದಿಲ್ಲ, ಉಳದದ್ದು ಕಾಪಾಡಬೇಕು ಅಷ್ಟೇ.

ಅಲ್ಲಿ ಡಾಕ್ಟ್ರು ತಿಳಿಸಿ ಹೇಳಿದ್ದು ಇಷ್ಟು. ಅಲರ್ಜಿಗೆ ಹಾಕೋ ಡ್ರಾಪ್ಸ್ ಎಲ್ಲಾ ಒಂದೇ ಅಲ್ಲ. ಓಲೋಪಟಡೀನ್, ಕೀಟೋಟಿಫೆನ್ ಅನ್ನೋವು ತುರಿಕೆ ತಡೆಯೋ ಔಷಧ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅನ್ನೋವು ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಂಪನ್ನ ಲಗೂ ಇಳಿಸ್ತದ, ಅದಕ್ಕ ಮಂದಿಗೆ ಅದೇ ಬೇಕು. ಆದ್ರ ಬಹಳ ದಿನ ಹಾಕಿದ್ರ ಕೆಲವರಿಗೆ ನೋವಿಲ್ಲದಂಗ ಒತ್ತಡ ಏರ್ತದ, ಪೊರೆನೂ ಬರ್ತದ. ಡಾಕ್ಟ್ರು ಬರೆದಾಗ ದಿನ ಲೆಕ್ಕ ಹಾಕಿ, ಒತ್ತಡ ನೋಡಿ ಬರೀತಾರ. ಅಂಗಡಿಯವರಿಗೆ ಆ ಲೆಕ್ಕ ಗೊತ್ತಿರೂದಿಲ್ಲ. ಹೆಸರಿನ ಕೊನೆಗೆ ‘ಸೋನ್’, ‘ಲೋನ್’ ಇದ್ರ ಎಚ್ಚರ ಇರ್ರಿ. ಅಕ್ಷರ ಸಣ್ಣವು, ಕಾಣದಿದ್ರ ಹೈಸ್ಕೂಲ್ ಹುಡುಗರ ಕಡೆ ಓದಿಸ್ರಿ.

ನಮ್ಮಂಥ ಒಕ್ಕಲಿಗರಿಗೆ ಇನ್ನೊಂದು ಅಪಾಯ ಐತಿ. ಭತ್ತದ ಎಲೆ, ಜೋಳದ ರವದಿ ಕಣ್ಣಿಗೆ ತೀಡಿ ಗಾಯ ಆಗಿದ್ರ ಅದರಾಗ ಬೂಸ್ಟು ಬೆಳೀತದ. ಅದನ್ನ ಅಲರ್ಜಿ ಅಂತ ತಿಳಿದು ಸ್ಟೀರಾಯ್ಡ್ ಹಾಕಿದ್ರ ಹುಣ್ಣು ಜೋರಾಗಿ ಕಣ್ಣೇ ಹೋಗಬಹುದು. ಎರಡೂ ಕಣ್ಣು ತುರಿಸಿದ್ರ ಅಲರ್ಜಿ ಇರಬಹುದು. ಒಂದೇ ಕಣ್ಣು ನೋವು, ಬೆಳಕು ನೋಡಾಕ ಆಗದು, ಮಂಜು, ಕಪ್ಪು ಗುಡ್ಡಿ ಮ್ಯಾಲೆ ಬಿಳಿ ಚುಕ್ಕಿ ಅಂದ್ರ ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗ್ರಿ. ಎಣ್ಣೆ, ಜೇನು, ಎದೆಹಾಲು, ಸೊಪ್ಪಿನ ರಸ ಯಾವುದೂ ಬ್ಯಾಡ. ಕ್ರಿಮಿನಾಶಕ ಸಿಡಿದಿದ್ರ ಮೊದಲು ಕನಿಷ್ಠ 15 ನಿಮಿಷ ಶುದ್ಧ ನೀರಾಗ ಕಣ್ಣು ತೊಳ್ಕೊಂಡು, ಆಮೇಲೆ ದವಾಖಾನೆ.

ಹಾಕೋ ಪದ್ಧತಿ: ಕೈ ಸೋಪಿನಿಂದ ತೊಳ್ಕೊಳ್ರಿ. ತಲೆ ಹಿಂದಕ್ಕ ಒರಗಿಸಿ, ಕೆಳಗಿನ ರೆಪ್ಪೆ ಎಳೆದು ಒಂದೇ ಹನಿ ಬಿಡ್ರಿ, ಎರಡನೇದು ಹೊರಗ ಹರಿದುಹೋಗ್ತದ. ಬಾಟ್ಲಿ ತುದಿ ಕಣ್ಣಿಗಾಗ್ಲಿ ಬೆರಳಿಗಾಗ್ಲಿ ತಾಗಬಾರ್ದು. ಕಣ್ಣು ಮುಚ್ಚಿ, ಮೂಗಿನ ಕಡೆ ಮೂಲೆನ ಒಂದೆರಡು ನಿಮಿಷ ಮೆಲ್ಲಕ ಒತ್ತಿ ಹಿಡೀರಿ. ಎರಡು ಔಷಧ ಇದ್ರ ನಡುವ ಐದು ನಿಮಿಷ ಬಿಡ್ರಿ. ಒಬ್ಬರ ಬಾಟ್ಲಿ ಇನ್ನೊಬ್ಬರಿಗೆ ಬ್ಯಾಡ, ಗಂಡ ಹೆಂಡ್ತಿ ಆದ್ರೂ. ಒಡೆದ ದಿನದ ತಾರೀಖು ಬಾಟ್ಲಿ ಮ್ಯಾಲೆ ಬರೀರಿ. ಹೆಚ್ಚಿನವು ಒಂದು ತಿಂಗಳಿಗೆ ಚೆಲ್ಲಬೇಕು, ಔಷಧ ಉಳಿದ್ರೂ ಸೈ.

ಔಷಧಕ್ಕಿಂತ ಮೊದಲು ಧೂಳಿ ತಡೀರಿ. ರಾಶಿ ಮಾಡೋವಾಗ ಗಾಳಿ ಬೆನ್ನಿಗಿರಲಿ, ಕಣ್ಣಿಗೆ ಬಾಜೂ ಮುಚ್ಚಿದ ಕನ್ನಡಕ ಇರಲಿ. ಕೆಲಸ ಮುಗಿದ ಕೂಡ್ಲೆ ಮಾರಿ ತೊಳ್ಕೊಂಡು, ತಣ್ಣೀರಿನ ಅರಿವೆ ಕಣ್ಣ ಮ್ಯಾಲಿಟ್ರ ತುರಿಕೆ ಅರ್ಧ ಇಳೀತದ. ಕಾಂಗ್ರೆಸ್ ಕಸ ಹೂ ಬಿಡೋಕಿಂತ ಮೊದಲು ಕೈಗವಸು ಹಾಕ್ಕೊಂಡು ಕೀಳ್ರಿ.

ಇದನ್ನ ಓದಿದವರು ಇವತ್ತ ಮನ್ಯಾಗಿನ ಬಾಟ್ಲಿ ತೆಗೆದು ಹೆಸರು ನೋಡ್ರಿ. ಈಗ ಸ್ಟೀರಾಯ್ಡ್ ಹಾಕಾಕತ್ತಿದ್ರ ಹೆದರಿ ತಟ್ಟನೆ ಬಿಡಬ್ಯಾಡ್ರಿ. ಬಾಟ್ಲಿ, ಚೀಟಿ ಎರಡೂ ಕಿಸೆದಾಗ ಇಟ್ಕೊಂಡು ಡಾಕ್ಟ್ರ ಹತ್ರ ಹೋಗಿ "ಒತ್ತಡ ನೋಡ್ರಿ" ಅಂತ ಬಾಯಿಬಿಟ್ಟು ಕೇಳ್ರಿ.