ಹದಿನೈದನೇ ನಿಮಿಷ

ಇದು 2021ರ ಮಳೆಗಾಲದಲ್ಲಿ ನಡೆದದ್ದು. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂತಾಗ, ದೆವ್ವದ ಕಥೆಗಳೆಲ್ಲ ಖಾಲಿಯಾದ ಮೇಲೆ, ನಮ್ಮ ಮನೆಯಲ್ಲಿ ನನ್ನ ಕೈಲಿ ಇದನ್ನು ಹೇಳಿಸುತ್ತಾರೆ. ಚಿಕ್ಕಪ್ಪ ಅರ್ಧದಲ್ಲೇ ಪ್ರಶ್ನೆ ಹಾಕುತ್ತಾರೆ. ಹಾಗಾಗಿ ಪ್ರತಿಸಲ ಕಥೆ ಸ್ವಲ್ಪ ಉದ್ದವಾಗುತ್ತದೆ.

ಆ ವರ್ಷ ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್ ಬಂತು. ಬೆಂಗಳೂರಿನ ರೂಮಿಗೆ ಸುಮ್ಮನೆ ಬಾಡಿಗೆ ಸುರಿಯುವುದು ಯಾಕೆಂದು ಒಂದೇ ತಂಡದ ನಾವು ಮೂವರು ಊರಿಗೆ ಬಂದಿದ್ದೆವು. ನನ್ನದು ಹೊಸನಗರ ತಾಲ್ಲೂಕು, ನಿಟ್ಟೂರಿನ ಕಡೆ. ಇನ್ನೊಬ್ಬ ಸಾಗರ ತಾಲ್ಲೂಕಿನವನು ಅಂತ ಹೆಸರಿಗೆ. ಮನೆ ಇರುವುದು ತುಮರಿಯ ಆಚೆ, ಶರಾವತಿ ಹಿನ್ನೀರು ದಾಟಿ. ಮೂರನೆಯವಳು ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿ ಹತ್ತಿರದವಳು. ಆಗುಂಬೆಯ ಮಳೆ ಹೆಚ್ಚೋ, ನಮ್ಮ ಹುಲಿಕಲ್ಲಿನ ಮಳೆ ಹೆಚ್ಚೋ ಎಂಬ ಜಗಳ ಅವಳಿಗೂ ನನಗೂ ಇವತ್ತಿನವರೆಗೆ ಬಗೆಹರಿದಿಲ್ಲ.

ನೆಟ್‌ವರ್ಕಿನ ಪಾಡು ನಿಮಗೇ ಗೊತ್ತು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ನಮ್ಮ ಕಡೆ ಅಭಿಯಾನವೇ ನಡೆದಿದ್ದ ಕಾಲ. ಕರೆಂಟ್ ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್, ಆಮೇಲೆ ಅದೂ ಇಲ್ಲ. ತುಮರಿಯವನು ಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡು ಆಫೀಸು ಮಾಡಿದ್ದ. ಮೇಗರವಳ್ಳಿಯವಳಿಗೆ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. ಅಲ್ಲಿ ಅವಳ ಅಪ್ಪಯ್ಯ ಕೂರುವ ಕುರ್ಚಿ ಇತ್ತು. ಕುರ್ಚಿ ಬಿಟ್ಟುಕೊಡಲು ಅವರು ಒಪ್ಪುವವರೆಗೆ ಅವಳ ಮೀಟಿಂಗುಗಳೆಲ್ಲ ನಿಂತೇ ನಡೆದವು.

ನಮ್ಮ ಕೆಲಸ ಲೋಡ್ ಟೆಸ್ಟಿಂಗ್. ಒಂದು ಪೋರ್ಟಲಿಗೆ ಒಟ್ಟಿಗೇ ಸಾವಿರಾರು ಜನ ನುಗ್ಗಿದರೆ ಅದು ನಿಲ್ಲುತ್ತದೋ ಬೀಳುತ್ತದೋ ಅಂತ, ಜನ ಬರುವ ಮುಂಚೆಯೇ ಸುಳ್ಳು ಜನರನ್ನು ಕಳಿಸಿ ನೋಡುವುದು. ಅದಕ್ಕೆ ಜೆಮೀಟರ್ ಅಂತ ಒಂದು ತಂತ್ರಾಂಶ ಇದೆ, ಪುಕ್ಕಟೆ ಸಿಗುತ್ತದೆ, 1998ರಿಂದ ಇದೆ. ಲೋಡ್ ಹೊರಡುತ್ತಿದ್ದದ್ದು ನಮ್ಮ ಮನೆಯಿಂದಲ್ಲ, ಮುಂಬೈಯಲ್ಲಿ ಬಾಡಿಗೆಗೆ ಹಿಡಿದ ಯಂತ್ರಗಳಿಂದ. ನಿಟ್ಟೂರಿನ ಲೈನಿನಿಂದ 5,000 ಜನರನ್ನು ಬಿಟ್ಟರೆ ಮೊದಲು ಬೀಳುವುದು ಸರ್ವರ್ ಅಲ್ಲ, ನಿಟ್ಟೂರಿನ ಲೈನು. ನಾವು ದೂರದಿಂದ ಶುರು ಅನ್ನುವುದು, ನಿಲ್ಲು ಅನ್ನುವುದು, ಬಂದ ಲೆಕ್ಕ ಓದುವುದು, ಅಷ್ಟೆ. ನಡುವೆ ಕರೆಂಟ್ ಹೋದರೂ ಅಲ್ಲಿ ಟೆಸ್ಟ್ ಓಡುತ್ತಲೇ ಇರುತ್ತಿತ್ತು.

ಪೋರ್ಟಲು ಯಾರದು ಅಂತ ಹೇಳುವುದಿಲ್ಲ. ವಿದ್ಯಾರ್ಥಿಗಳು ಒಳಗೆ ಹೋಗಿ ಅಂಕಪಟ್ಟಿ ನೋಡುವಂಥದ್ದು. ಅದನ್ನು ಮಾಡಿಸಿದವರಿಗೆ ಹೆದರಿಕೆ ಹತ್ತಿತ್ತು, ಅದಕ್ಕೆ ಕಾರಣವೂ ಇತ್ತು. ಅದೇ ಏಪ್ರಿಲ್ 28ರ ಸಂಜೆ ನಾಲ್ಕಕ್ಕೆ 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ ಕೋವಿನ್ ಪೋರ್ಟಲು ಏದುಸಿರು ಬಿಟ್ಟದ್ದನ್ನು ದೇಶವೆಲ್ಲ ನೋಡಿತ್ತು. ಓಟಿಪಿ ಬಾರದೆ ಕಾದವರು ನಮ್ಮ ಕೇರಿಯಲ್ಲೇ ಎಷ್ಟು ಜನ ಇದ್ದರು! ಅಂತೂ ಆ ದಿನ ಮುಗಿಯುವುದರೊಳಗೆ ಕೋಟಿಗೂ ಮೇಲೆ ಜನ ನೋಂದಾಯಿಸಿಕೊಂಡಿದ್ದರು ಅನ್ನುವುದೂ ನಿಜ.

ನಮಗಿಂತ ಮುಂಚೆ ಬೇರೊಂದು ತಂಡ ಈ ಪೋರ್ಟಲಿಗೆ ಟೆಸ್ಟ್ ಮಾಡಿ ವರದಿ ಕೊಟ್ಟಾಗಿತ್ತು. 5,000 ಜನ, ಒಂದು ಗಂಟೆ, ತಪ್ಪುಗಳು ಸೊನ್ನೆ, ಉತ್ತರ ಬರಲು ಸರಾಸರಿ ಅರ್ಧ ಸೆಕೆಂಡೂ ಇಲ್ಲ. ನಾವು ಅದೇ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿ ಹೂಂ ಅಂದರೆ ಸಾಕು, ಕೆಲಸ ಮುಗೀತು.

ಓಡಿಸಿದೆವು. ಲೆಕ್ಕ ಹಾಗೇ ಬಂತು. ತುಮರಿಯವನು ಗುಡ್ಡ ಇಳಿದು ಊಟಕ್ಕೆ ಹೊರಟಿದ್ದ. ಆಗ ಮೇಗರವಳ್ಳಿಯವಳು ಫೋನ್ ಮಾಡಿದಳು.

“ಗ್ರಾಫ್ ಸರಿಯಾಗಿ ನೋಡಿದ್ಯಾ ಮಾರಾಯ? ಹದಿನೈದನೇ ನಿಮಿಷಕ್ಕೆ ಸರ್ವರ್ ಒಮ್ಮೆಗೇ ಚುರುಕಾಗಿದೆ. ಜನ ಅಷ್ಟೇ ಇದಾರೆ, ಕೆಲಸ ಅಷ್ಟೇ ಇದೆ. ಅದಕ್ಕೆ ಎಂತ ಹುರುಪು ಬಂತು?”

ಸರ್ವರ್ ನಿಧಾನವಾದರೆ ಹತ್ತು ಜನ ಓಡಿ ಬರುತ್ತಾರೆ. ಚುರುಕಾದರೆ ಯಾರೂ ತಿರುಗಿ ನೋಡುವುದಿಲ್ಲ. ಅವಳು ನೋಡಿದ್ದಳು. ನೋಡಿದವಳು ಅಷ್ಟಕ್ಕೇ ಬಿಡದೆ, ಬಂದ ಉತ್ತರಗಳ ಗಾತ್ರದ ಕಾಲಂ ತೆಗೆದಿದ್ದಳು. ಹದಿನೈದನೇ ನಿಮಿಷದ ನಂತರ ಎಲ್ಲ ಉತ್ತರಗಳೂ ಒಂದೇ ಗಾತ್ರ, ಒಂದು ಬೈಟೂ ಆಚೀಚೆ ಇಲ್ಲ. ಅಂಕಪಟ್ಟಿ ಕೇಳಿದರೂ ಅಷ್ಟೇ, ವಿಳಾಸ ಕೇಳಿದರೂ ಅಷ್ಟೇ. ಒಂದನ್ನು ಬಿಚ್ಚಿ ಓದಿದರೆ ಒಳಗಿದ್ದದ್ದು ‘ದಯವಿಟ್ಟು ಲಾಗಿನ್ ಆಗಿ’ ಎಂಬ ಪುಟ.

ಚಿಕ್ಕಪ್ಪ ಮೆಟ್ಟುಗತ್ತಿಯಿಂದ ತಲೆ ಎತ್ತದೆ ಕೇಳುವುದು ಇಲ್ಲೇ. “ಅಲ್ಲಾ, ಲಾಗಿನ್ ಆಗದಿದ್ರೆ ತಪ್ಪು ಅಂತ ತೋರಿಸ್ಬೇಕಲ್ದಾ? ಸೊನ್ನೆ ಯಾಕೆ ಬಂತು?”

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರು, ಗುಪ್ತಪದ ಕೊಟ್ಟು ಒಳಗೆ ಹೋದ ಮೇಲೆ ಸರ್ವರ್ ನಿಮಗೊಂದು ಟೋಕನ್ ಕೊಡುತ್ತದೆ. ಆಮೇಲೆ ಏನು ಕೇಳಿದರೂ ಅದನ್ನು ತೋರಿಸಬೇಕು. ನೋಡಲು ಉದ್ದನೆಯ ಅಕ್ಷರಗಳ ಗೊಂಚಲು. ಎರಡು ಚುಕ್ಕೆಗಳಿಂದ ಮೂರು ತುಂಡಾಗಿರುತ್ತದೆ, ‘ಇ-ವೈ-ಜೆ’ ಅಂತ ಶುರುವಾಗುತ್ತದೆ. ಜೆಡಬ್ಲ್ಯೂಟಿ ಎಂದು ಕರೆಯುವ ಈ ರೀತಿಗೆ 2015ರಲ್ಲಿ ಅಧಿಕೃತ ರೂಪ ಸಿಕ್ಕಿತು. ಏನೋ ಗುಪ್ತಲಿಪಿ ಅಂತ ಜನ ತಿಳಿದಿರುತ್ತಾರೆ. ಹಾಗೇನಿಲ್ಲ, ಯಾರು ಬೇಕಾದರೂ ಬಿಚ್ಚಿ ಓದಬಹುದು. ತಿದ್ದಲು ಮಾತ್ರ ಬರುವುದಿಲ್ಲ. ಮೂರನೇ ತುಂಡಿನಲ್ಲಿ ಸರ್ವರಿನ ಸಹಿ ಇರುತ್ತದೆ. ನಡುವಿನ ತುಂಡಿನಲ್ಲಿ ಇದು ಯಾರದು, ಯಾವಾಗ ಕೊಟ್ಟದ್ದು, ಯಾವಾಗ ಮುಗಿಯುತ್ತದೆ ಅನ್ನುವುದು ಇರುತ್ತದೆ. ಸಮಯವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆದಿರುತ್ತಾರೆ. ಮೇಗರವಳ್ಳಿಯವಳು ಆ ಎರಡು ಸಮಯಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದಳು: 900. ಅಂದರೆ ಸರಿಯಾಗಿ 15 ನಿಮಿಷ.

ಹಿಂದಿನ ತಂಡ ಬ್ರೌಸರಿನಲ್ಲಿ ಒಮ್ಮೆ ಓಡಾಡಿ ಅದನ್ನೇ ರೆಕಾರ್ಡ್ ಮಾಡಿ ಸ್ಕ್ರಿಪ್ಟ್ ಮಾಡಿಕೊಂಡಿತ್ತು. ಟೋಕನ್ ಹಳತಾದರೆ ಯಾರೋ ಒಬ್ಬರು ಕೈಯಾರೆ ಲಾಗಿನ್ ಆಗಿ, ಹೊಸದನ್ನು ಕಾಪಿ ಮಾಡಿ ಅಂಟಿಸಿ ಟೆಸ್ಟ್ ಶುರು ಮಾಡುತ್ತಿದ್ದರು. 5,000 ಜನರ ಕೈಯಲ್ಲೂ ಅದೊಂದೇ ಟೋಕನ್. ಹಾಗಾಗಿ ಮೊದಲ 15 ನಿಮಿಷ ಸರ್ವರ್ ಒಬ್ಬನೇ ವಿದ್ಯಾರ್ಥಿಯ ಅಂಕಪಟ್ಟಿಯನ್ನು ನೆನಪಲ್ಲಿಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಕೊಟ್ಟಿತ್ತು. ಡೇಟಾಬೇಸಿನ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ. ಆಮೇಲೆ ಟೋಕನ್ ಸತ್ತಿತು. ಸತ್ತದ್ದಕ್ಕೆ ಸರ್ವರ್ 401 ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಕೆಂಪು ಗೆರೆ ಕಾಣುತ್ತಿತ್ತು. ಈ ಪೋರ್ಟಲು ಮರ್ಯಾದಸ್ಥ. ಲಾಗಿನ್ ಪುಟದ ಕಡೆ ಕೈ ತೋರಿಸುತ್ತಿತ್ತು. ಜೆಮೀಟರ್ ತೋರಿಸಿದ ದಾರಿ ಹಿಡಿದು ಹೋಗಿ, ಪುಟ ಸಿಕ್ಕಿತು, 200, ಎಲ್ಲ ಕ್ಷೇಮ ಅಂತ ಬರೆದುಕೊಂಡಿತು. ಲಾಗಿನ್ ಪುಟ ಕೊಡಲು ಸರ್ವರಿಗೆ ಏನು ಶ್ರಮ? ಅದಕ್ಕೇ ಆ ಚುರುಕು.

ತುಮರಿಯವನು ಊಟ ಬಿಟ್ಟು ಮತ್ತೆ ಗುಡ್ಡ ಹತ್ತಿದ. ವಿಷಯ ಕೇಳಿ ನಕ್ಕುಬಿಟ್ಟ. “ಹೊಳೆಬಾಗಿಲಿಗೆ ಬಂದು, ಲಾಂಚ್ ಹತ್ತದೆ ದಡದಿಂದಲೇ ವಾಪಸ್ ಹೋದವರನ್ನ ಎಣಿಸಿ, ನಮ್ ಲಾಂಚ್ ಐದು ಸಾವಿರ ಜನರನ್ನ ತಡಿಯತ್ತೆ ಅಂದಹಾಗಾಯ್ತು” ಅಂದ. ಹೊಳೆಬಾಗಿಲು ಎಂದರೆ ಹಿನ್ನೀರು ದಾಟಲು ಲಾಂಚ್ ಹತ್ತುವ ದಡ. ಅವನು ಆ ಮಾತು ಹೇಳುವಾಗ ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಕಂಬಗಳು ಏಳುತ್ತಿದ್ದವಷ್ಟೆ. ಅದು ತೆರೆದದ್ದು 2025ರ ಜುಲೈ 14ಕ್ಕೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಲ್ಲಿಂದ ಅಷ್ಟು ದೀರ್ಘಕಾಲ ಆ ಜನ ನೀರು ನೋಡುತ್ತಾ ದಡದಲ್ಲಿ ಕಾದವರು. ದಡದಲ್ಲಿ ನಿಂತವರಿಗೂ ಒಳಗೆ ಹತ್ತಿದವರಿಗೂ ಇರುವ ವ್ಯತ್ಯಾಸವನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೊಸದಾಗಿ ಸ್ಕ್ರಿಪ್ಟ್ ಬರೆದೆವು. ಸಾವಿರಾರು ಸುಳ್ಳು ವಿದ್ಯಾರ್ಥಿಗಳನ್ನು ಸೃಷ್ಟಿಸಿ ಅವರ ಪಟ್ಟಿಯನ್ನು ಒಂದು ಕಡತದಲ್ಲಿಟ್ಟು, ಪ್ರತಿಯೊಬ್ಬನೂ ತನ್ನ ಹೆಸರಲ್ಲೇ ಒಮ್ಮೆ ಲಾಗಿನ್ ಆಗಿ, ಬಂದ ಉತ್ತರದಿಂದ ತನ್ನ ಟೋಕನ್ ಹೆಕ್ಕಿಕೊಂಡು, ಮುಂದಿನ ಪ್ರತಿ ಕೇಳಿಕೆಯ ಹೆಡರಿನಲ್ಲಿ ಅದನ್ನು ತೋರಿಸುವ ಹಾಗೆ, ಟೋಕನ್ ಮುಗಿದಾಗ ಬ್ರೌಸರಿನ ಪುಟ ಮಾಡುವುದನ್ನೇ ತಾನೂ ಮಾಡುವ ಹಾಗೆ ಮಾಡಿದೆವು. ಲಾಗಿನ್ನಿನಲ್ಲಿ ಗುಪ್ತಪದದ ಜೊತೆ ಕೇಳುವ ಓಟಿಪಿಗೆ ಟೆಸ್ಟ್ ಸರ್ವರಿನಲ್ಲಿ ಮಾತ್ರ ನಡೆಯುವ ಒಂದು ಖಾಯಂ ಸಂಖ್ಯೆ ಕೇಳಿ ಪಡೆದೆವು. ಉತ್ತರದಲ್ಲಿ ಆಯಾ ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ 200 ಬಂದರೂ ಅದನ್ನು ತಪ್ಪು ಎಂದೇ ಎಣಿಸಬೇಕು ಅಂತ ಅವಳು ಹಟ ಹಿಡಿದಳು. ಹಟ ಅವಳದೇ ಗೆದ್ದಿತು.

ಈ ಸಲ ಮೊದಲ 15 ನಿಮಿಷ ಸರ್ವರ್ ನಿಧಾನವಾಗಿ, ಆದರೆ ನಿಯತ್ತಿನಿಂದ ನಡೆಯಿತು. ಹದಿನೈದನೇ ನಿಮಿಷ ಬಂತು. ಮಗುಚಿಬಿತ್ತು.

ನಿಜವಾದ ಕಥೆ ಇಲ್ಲಿಂದ. ಆ ಪೋರ್ಟಲಿನಲ್ಲಿ ಟೋಕನ್ ಮುಗಿದ ತಕ್ಷಣ ವಿದ್ಯಾರ್ಥಿಯನ್ನು ಹೊರಗೆ ಹಾಕುತ್ತಿರಲಿಲ್ಲ. ರಿಫ್ರೆಶ್ ಟೋಕನ್ ಅಂತ ಇನ್ನೊಂದನ್ನು ಮೊದಲೇ ಕೊಟ್ಟಿರುತ್ತಾರೆ. ಅದನ್ನು ಕೊಟ್ಟರೆ ಹೊಸ ಜೋಡಿ ಸಿಗುತ್ತದೆ, ಹಳೆಯದು ರದ್ದು. ರದ್ದಾದದ್ದನ್ನು ಮತ್ತೆ ಯಾರಾದರೂ ತಂದರೆ, ಇದು ಕಳ್ಳಮಾಲು ಎಂದು ಸರ್ವರ್ ಆ ಖಾತೆಯನ್ನೇ ಪೂರ್ತಿ ಹೊರಗೆ ಹಾಕುತ್ತದೆ. ಸುರಕ್ಷತೆಯ ಲೆಕ್ಕದಲ್ಲಿ ಇದು ಒಳ್ಳೆಯ ಪದ್ಧತಿಯೇ. ಆದರೆ ಅಂಕಪಟ್ಟಿಯ ಪುಟ ಒಮ್ಮೆಗೇ ನಾಲ್ಕು ಕೇಳಿಕೆ ಕಳಿಸುತ್ತಿತ್ತು: ಫೋಟೋಗೆ ಒಂದು, ಅಂಕಕ್ಕೆ ಒಂದು, ಹೀಗೆ. ನಾಲ್ಕಕ್ಕೂ ಲಾಗಿನ್ ಪುಟದ ಕಡೆ ಕೈ ತೋರಿಸುವ ಉತ್ತರ ಬಂದಾಗ ನಾಲ್ಕೂ ಬೇರೆ ಬೇರೆಯಾಗಿ ಅದೇ ರಿಫ್ರೆಶ್ ಟೋಕನ್ ಹಿಡಿದು ಓಡುತ್ತಿದ್ದವು. ಮೊದಲು ಮುಟ್ಟಿದ್ದಕ್ಕೆ ಹೊಸದು ಸಿಕ್ಕಿತು. ಹಿಂದೆ ಬಂದ ಮೂರೂ ಕಳ್ಳರಾದವು. ಮೂರರ ದೆಸೆಯಿಂದ ಮೊದಲನೆಯದೂ ಹೊರಗೆ.

ಹೊರಗೆ ಬಿದ್ದ ಅಷ್ಟೂ ಜನ ಮತ್ತೆ ಗುಪ್ತಪದ ಕೊಟ್ಟು ಒಳಗೆ ಬರಬೇಕು. ಗುಪ್ತಪದ ತಾಳೆ ನೋಡುವ ಲೆಕ್ಕ ಬೇಕೆಂದೇ ನಿಧಾನ ಇರುತ್ತದೆ. 1999ರಲ್ಲಿ ಬಂದ ಬಿಕ್ರಿಪ್ಟ್ ಎಂಬ ವಿಧಾನವನ್ನು ಕಟ್ಟಿದ್ದೇ ಕಳ್ಳರು ಲಕ್ಷಗಟ್ಟಲೆ ಊಹೆ ಮಾಡಿ ನೋಡಲು ಆಗಬಾರದು ಅಂತ. ಒಬ್ಬನಿಗೆ ತಗಲುವ ಕಾಲು ಸೆಕೆಂಡು ಯಾರಿಗೂ ಗೊತ್ತಾಗುವುದಿಲ್ಲ. ಸಾವಿರಾರು ಜನ ಒಟ್ಟಿಗೆ ಬಂದರೆ ಪ್ರೊಸೆಸರ್ ಬಾಯಿ ಬಿಡುತ್ತದೆ. ಕೈಯಿಂದ ಪರೀಕ್ಷೆ ಮಾಡಿದವರಿಗೆ ಈ ದೋಷ ಸಿಕ್ಕಿರಲಿಲ್ಲ, ಯಾಕೆಂದರೆ ಅವರಲ್ಲಿ ಯಾರೂ ಒಂದು ಪುಟ ತೆರೆದಿಟ್ಟು ಅಷ್ಟು ಹೊತ್ತು ಕೂತಿರಲಿಲ್ಲ. ಫಲಿತಾಂಶಕ್ಕೆ ಕಾಯುವ ಮಕ್ಕಳು ಕೂರುತ್ತಾರೆ. ಅಪ್ಪ ಅಮ್ಮ ಎಲ್ಲ ಸುತ್ತ ಕೂತು ಕಾಯುತ್ತಾರೆ.

ಮೇಲಿನವರೊಬ್ಬರು ಮೀಟಿಂಗಿನಲ್ಲಿ ಸುಲಭದ ದಾರಿ ಹೇಳಿದರು. ಟೆಸ್ಟ್ ಸರ್ವರಿನಲ್ಲಿ ಟೋಕನ್ನಿನ ಆಯುಸ್ಸನ್ನು 24 ಗಂಟೆ ಮಾಡಿಬಿಡಿ, ಟೆಸ್ಟ್ ಸಲೀಸಾಗಿ ಮುಗಿಯುತ್ತದೆ. ಆ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇರಲಿಲ್ಲ. ಒಳಗಿನ ಡೇಟಾಬೇಸಿನ ತಾಕತ್ತನ್ನು ಮಾತ್ರ ಅಳೆಯಬೇಕಾದಾಗ ಮೊದಲೇ ಟೋಕನ್ ಮಾಡಿಟ್ಟುಕೊಂಡು ಹೋಗುವುದು ಸರಿಯೇ; ಇಲ್ಲದಿದ್ದರೆ ಲಾಗಿನ್ನಿನ ನಿಧಾನವೇ ಎಲ್ಲ ಲೆಕ್ಕವನ್ನೂ ನುಂಗುತ್ತದೆ. ನಾನು ಅದನ್ನೇ ಹೇಳಿದೆ. ಮೇಗರವಳ್ಳಿಯವಳು ಒಪ್ಪಲಿಲ್ಲ. “ಅದನ್ನೊಂದು ಬೇರೆ ಟೆಸ್ಟ್ ಅಂತ ಬರೀರಿ. ಇದನ್ನ ಮುಚ್ಚಕ್ಕೆ ಅದನ್ನ ತರ್ಬೇಡಿ” ಅಂದಳು. ಹಿಂದೆ ಅವಳ ಅಪ್ಪಯ್ಯ ಯಾರಿಗೋ ಜೋರಾಗಿ ಬೈಯುತ್ತಿದ್ದರು, ತೋಟಕ್ಕೆ ನುಗ್ಗಿದ ಮಂಗಗಳಿಗಿರಬೇಕು. ಮೀಟಿಂಗಿನವರು ತಮಗೇ ಅಂದುಕೊಂಡರೋ ಏನೋ, ಮಾತು ಅಲ್ಲಿಗೆ ನಿಂತಿತು.

ಕೊನೆಗೆ ಎರಡು ಟೆಸ್ಟ್ ಆಯಿತು: ಬಾಗಿಲಿಗೆ ಒಂದು, ಒಳಮನೆಗೆ ಒಂದು. ಪೋರ್ಟಲು ಕಟ್ಟಿದವರು ಪುಟದ ಕೋಡ್ ತಿದ್ದಿದರು. ಅವಧಿ ಮುಗಿದರೆ ನಾಲ್ಕರಲ್ಲಿ ಒಂದು ಮಾತ್ರ ಹೊಸ ಟೋಕನ್ ತರಲು ಹೋಗಬೇಕು, ಉಳಿದವು ಕಾಯಬೇಕು. ಎಲ್ಲರೂ ಒಂದೇ ಗಳಿಗೆಗೆ ಹೋಗದ ಹಾಗೆ, ಅವಧಿ ಮುಗಿಯುವ ಮುಂಚೆಯೇ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೋಗಬೇಕು. ನಮ್ಮ ಸ್ಕ್ರಿಪ್ಟನ್ನೂ ಹಾಗೇ ತಿದ್ದಿ ಮತ್ತೆ ಓಡಿಸಿದಾಗ ಹದಿನೈದನೇ ನಿಮಿಷದಲ್ಲಿ ಸಣ್ಣ ಉಬ್ಬು ಕಂಡಿತು, ಅಷ್ಟೆ.

ಮುಂಬೈ ಯಂತ್ರಗಳಲ್ಲಿ ಉಳಿದಿದ್ದ ಟೋಕನ್ ಕಡತಗಳನ್ನೂ ಲಾಗ್‌ಗಳನ್ನೂ ಅಳಿಸಿದೆವು. ಉಳಿದದ್ದು ಆ ಖಾಯಂ ಓಟಿಪಿ. ಅಂಥದ್ದು ಅಪ್ಪಿತಪ್ಪಿ ನಿಜವಾದ ಪೋರ್ಟಲಿಗೆ ನುಸುಳಿದರೆ ಗುಪ್ತಪದವೊಂದು ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಇನ್ನೊಬ್ಬರ ಹೆಸರಲ್ಲಿ ಒಳಗೆ ಹೋಗಬಹುದು. ಫಲಿತಾಂಶದ ಹಿಂದಿನ ರಾತ್ರಿ, ಕಟ್ಟಿದವರಿಂದ ಒಪ್ಪಿಗೆ ಪಡೆದು, ಅವಳು ನಿಜವಾದ ಪೋರ್ಟಲಿನಲ್ಲಿ ಸುಳ್ಳು ಖಾತೆಯೊಂದಕ್ಕೆ ಆ ಸಂಖ್ಯೆ ಹಾಕಿ ನೋಡಿದಳು. ಸಿಗ್ನಲ್ ಬಂದಾಗ ನಮಗೆ ಸಿಕ್ಕಿದ ಸಂದೇಶ ಎರಡೇ ಪದದ್ದು: “ಒಳಗೆ ಬಿಡ್ಲಿಲ್ಲ.”

ತುಮರಿಯವನು ಗುಡ್ಡದ ಮೇಲೆ ಕುಣಿದೆ ಅಂದ, ನಾನೇನೂ ನೋಡಿಲ್ಲ. ಬೆಳಿಗ್ಗೆ ಪೋರ್ಟಲು ತೆರೆದರು. ಲಾಗಿನ್ ಪುಟ ಮೊದಲ ಕೆಲವು ನಿಮಿಷ ತಿಣುಕಿತಂತೆ, ಬೀಳಲಿಲ್ಲವಂತೆ. ‘ಅಂತೆ’ ಯಾಕೆ ಅಂತ ಚಿಕ್ಕಪ್ಪ ಪ್ರತಿಸಲ ಕೇಳುತ್ತಾರೆ. ಹಿಂದಿನ ರಾತ್ರಿಯ ಗಾಳಿಗೆ ನಮ್ಮ ಲೈನಿನ ಮೇಲೆ ಮರ ಬಿದ್ದಿತ್ತು. ಸಾಲದ್ದಕ್ಕೆ, ಅದನ್ನು ಕಡಿಯಲು ನನ್ನನ್ನು ಕರೆದುಕೊಂಡು ಹೋದವರು ಅವರೇ.